ಮನೆಗೆ ಮರಳಿ ಬಂದ ಮಗು



ವಾರದ ಸಭೆಯಲ್ಲಿ ಉಳಿತಾಯ, ಒಳಸಾಲ, ಮರುಪಾವತಿ ಎಲ್ಲಾ ಮುಗಿದು ನಡಾವಳಿ ಪುಸ್ತಕಕ್ಕೆ ಸಹಿ ಬಿದ್ದ ಮೇಲೆ ಎಲ್ಲರೂ ಎದ್ದು ಹೊರಡುತ್ತೀರಿ. ಆದರೆ ಒಬ್ಬರು ಮಾತ್ರ ಜಮಖಾನ ಮಡಿಸುವ ನೆಪದಲ್ಲಿ ಹಿಂದೆ ಉಳಿಯುತ್ತಾರೆ. "ಸಿಸ್ಟರ್, ಒಂದ್ ಮಾತಿತ್ತು" ಅಂತ ಶುರುವಾಗುವ ಆ ಮಾತು ಹೆಚ್ಚಾಗಿ ಗಂಡನದ್ದಲ್ಲ, ಸಾಲದ್ದೂ ಅಲ್ಲ, ಮಕ್ಕಳದ್ದು. ಅದರಲ್ಲೂ ಹದಿನಾಲ್ಕು ದಾಟಿದ, ಹದಿನೆಂಟು ತುಂಬದ ಮಕ್ಕಳದ್ದು.

ಶಾಲೆ ಬಿಟ್ಟು ಪಂಕ್ಚರ್ ಹಾಕುವ ಸೊಲ್ಯೂಷನ್ ಮೂಸುವ ಹುಡುಗ. ಬೈಕ್ ಕಳ್ಳತನದ ಗುಂಪಿನಲ್ಲಿ ಸಿಕ್ಕಿಬಿದ್ದ ಹುಡುಗ. ಯಾರನ್ನೋ ನಂಬಿ ಮನೆ ಬಿಟ್ಟು ಹೋಗಿ, ಬಸ್ ನಿಲ್ದಾಣದಲ್ಲಿ ಪೊಲೀಸರ ಕೈಗೆ ಸಿಕ್ಕಿದ ಹುಡುಗಿ. ಇಂಥ ಮಕ್ಕಳು ಒಂದಷ್ಟು ಕಾಲ ಮನೆಯಿಂದ ಹೊರಗೆ ಇರಬೇಕಾಗುತ್ತದೆ. ಕೆಲವರು ಸರ್ಕಾರಿ ಬಾಲಮಂದಿರದಲ್ಲಿ, ಕೆಲವರು ವೀಕ್ಷಣಾಲಯದಲ್ಲಿ, ಕೆಲವರು ಖಾಸಗಿ ವ್ಯಸನಮುಕ್ತಿ ಕೇಂದ್ರದಲ್ಲಿ, ಇನ್ನು ಕೆಲವರು 'ಅಲ್ಲಿ ಬುದ್ಧಿ ಕಲಿಸ್ತಾರಂತೆ' ಅಂತ ಯಾರೋ ಹೇಳಿದ ದೂರದ ಹಾಸ್ಟೆಲಿನಲ್ಲಿ. ಕಳಿಸುವಾಗ ಸಲಹೆ ಕೊಡುವವರಿಗೆ ಬರವಿಲ್ಲ. ಮಗು ಬ್ಯಾಗ್ ಹಿಡಿದುಕೊಂಡು ವಾಪಸ್ ಬಂದು ಹೊಸಿಲ ಮೇಲೆ ನಿಂತಾಗ ಏನು ಮಾಡಬೇಕು ಅಂತ ಹೇಳುವವರು ಮಾತ್ರ ಯಾರೂ ಇರುವುದಿಲ್ಲ. ಅದಕ್ಕೇ ಈ ಬರಹ.

ನಾವು ಮಾಡಿದ ಒಂದು ತಪ್ಪು

ಕೆಲವು ವರ್ಷಗಳ ಹಿಂದೆ ನಮ್ಮ ಒಂದು ಸಂಘದ ಸದಸ್ಯೆ, ಊದಿನಕಡ್ಡಿ ಹೊಸೆದು ಜೀವನ ಮಾಡುವ ತಾಯಿ, ತನ್ನ ಹದಿನಾರು ವರ್ಷದ ಮಗನನ್ನು ಸೊಲ್ಯೂಷನ್ ಚಟ ಬಿಡಿಸಲು ಒಂದು ಖಾಸಗಿ ಕೇಂದ್ರಕ್ಕೆ ಸೇರಿಸಿದರು. ಸಂಘದಿಂದಲೇ ಸಾಲ ತೆಗೆದು ಹಣ ಕಟ್ಟಿದರು. ಆರು ತಿಂಗಳು ನೋಡಲು ಬಿಡಲಿಲ್ಲ. ಕೇಳಿದರೆ, ನೋಡಿದರೆ ಮನಸ್ಸು ಕೆಡುತ್ತದೆ ಅಂದರಂತೆ.

ಹುಡುಗ ವಾಪಸ್ ಬಂದ. ಎಷ್ಟು ಬದಲಾಗಿದ್ದ ಅಂದರೆ, ಮನೆಗೆ ಯಾರು ಬಂದರೂ ಎದ್ದು ನಿಂತು ಕೈ ಕಟ್ಟಿಕೊಳ್ಳುತ್ತಿದ್ದ. ಕೇಳದೆ ಮಾತಾಡುತ್ತಿರಲಿಲ್ಲ. ತಟ್ಟೆ ಇಟ್ಟರೆ ಎರಡೇ ನಿಮಿಷದಲ್ಲಿ ಊಟ ಮುಗಿಸಿ ತೊಳೆದಿಡುತ್ತಿದ್ದ. ಬಚ್ಚಲಿಗೆ ಹೋಗಬೇಕಾದರೂ "ಹೋಗ್ಲಾ ಅಮ್ಮ?" ಅಂತ ಕೇಳುತ್ತಿದ್ದ. ತಾಯಿಗೆ ಖುಷಿಯೋ ಖುಷಿ. ನಮಗೂ ಅಷ್ಟೇ. ಸಮಾಜಕಾರ್ಯ ಓದಿಕೊಂಡು ಇಷ್ಟು ವರ್ಷ ಕೆಲಸ ಮಾಡಿದ ನಾವು ಆವತ್ತು ಕಣ್ಣಿಗೆ ಕಂಡದ್ದನ್ನೇ ನಂಬಿಬಿಟ್ಟೆವು. ಒಕ್ಕೂಟದ ಸಭೆಗೆ ಅವನನ್ನು ಕರೆಸಿ, ನೂರಾರು ಹೆಂಗಸರ ಮುಂದೆ ನಿಲ್ಲಿಸಿ, "ನಿನ್ನ ಅನುಭವ ಹೇಳಪ್ಪಾ, ಬೇರೆಯವರಿಗೂ ದಾರಿಯಾಗಲಿ" ಅಂದೆವು.

ಅವನು ಮೈಕ್ ಹಿಡಿದುಕೊಂಡು ಸುಮ್ಮನೆ ನಿಂತ. ಆಮೇಲೆ ಮೈಕ್ ಕೆಳಗಿಟ್ಟು ಹೊರಗೆ ಹೋದ. ನಾಲ್ಕು ದಿನ ಮನೆಗೆ ಬರಲಿಲ್ಲ. ಆ ನಾಲ್ಕು ದಿನ ಅವನ ತಾಯಿ ನಮ್ಮನ್ನು ಒಂದು ಮಾತೂ ಬೈಯಲಿಲ್ಲ, ಅದು ಇನ್ನೂ ಕಷ್ಟವಾಗಿತ್ತು.

ಅವನು ಬದಲಾಗಿರಲಿಲ್ಲ ಸಹೋದರಿಯರೇ, ಹೆದರಿದ್ದ. ಹೆದರಿಕೆಯಿಂದ ಬಂದ ವಿಧೇಯತೆಯನ್ನು ನಾವೆಲ್ಲ ಸೇರಿ ಒಳ್ಳೇ ನಡತೆ ಅಂತ ಕರೆದಿದ್ದೆವು.

ಒಳಗೆ ಏನಾಗಿರುತ್ತದೆ

ಬಹಳ ದಿನ ಗಂಟೆ ಹೊಡೆದಾಗ ಎದ್ದು, ಗಂಟೆ ಹೊಡೆದಾಗ ಉಂಡು, ಗಂಟೆ ಹೊಡೆದಾಗ ಮಲಗಿದ ಮಗುವಿಗೆ ತಾನೇ ತೀರ್ಮಾನ ಮಾಡುವ ಅಭ್ಯಾಸ ತಪ್ಪಿ ಹೋಗಿರುತ್ತದೆ. ಹೊಡೆತ, ಬೈಗುಳ, ಒಂಟಿ ಕೋಣೆ ಇದ್ದ ಜಾಗದಿಂದ ಬಂದಿದ್ದರಂತೂ ಮೈಯೇ ಕಾವಲು ಕಾಯುತ್ತಿರುತ್ತದೆ. ಪಾತ್ರೆ ಬಿದ್ದ ಸದ್ದಿಗೆ ಬೆಚ್ಚಿ ಬೀಳುವುದು, ರಾತ್ರಿ ನಿದ್ದೆ ಬಾರದೆ ಹಗಲೆಲ್ಲಾ ಮಲಗುವುದು, ಬೀಗದ ಕೈ ಶಬ್ದ ಕೇಳಿದರೆ ಮುಖ ಬಿಳುಚಿಕೊಳ್ಳುವುದು, ಸಣ್ಣ ವಿಷಯಕ್ಕೆ ಕೂಗಾಡುವುದು. ಇದು ಕೊಬ್ಬು ಅಲ್ಲ, ನಾಟಕವೂ ಅಲ್ಲ. ಸುಟ್ಟ ಕೈ ಒಲೆ ಆರಿದ ಮೇಲೂ ಹಿಂದಕ್ಕೆ ಸರಿಯುವುದಿಲ್ಲವೇ, ಹಾಗೆ.

ಎಲ್ಲಾ ನಿಲಯಗಳೂ ಹಾಗಿರುತ್ತವೆ ಅಂತ ನಾವು ಹೇಳುತ್ತಿಲ್ಲ. ಮೂರು ಹೊತ್ತು ಊಟ, ಒಂದು ಚಾಪೆ, "ಹೇಗಿದ್ದೀಯಮ್ಮ" ಅಂತ ಕೇಳುವ ಒಬ್ಬ ಗೃಹಮಾತೆ, ಇಷ್ಟನ್ನು ಬದುಕಿನಲ್ಲಿ ಮೊದಲ ಸಲ ಬಾಲಮಂದಿರದಲ್ಲೇ ಕಂಡ ಹೆಣ್ಣುಮಕ್ಕಳನ್ನು ನಾವು ಬಲ್ಲೆವು. ಅಂಥವರು ಮನೆಗೆ ಬಂದ ಮೇಲೆ ಅಲ್ಲಿಯ ಗೆಳತಿಯರನ್ನು ನೆನೆಸಿಕೊಂಡು ಅಳುತ್ತಾರೆ. ಆಗ ತಾಯಿ "ಹೆತ್ತವಳಿಗಿಂತ ಅವರು ಹೆಚ್ಚಾದರಾ?" ಅಂತ ಕೇಳಿಬಿಡುತ್ತಾಳೆ. ಕೇಳಬೇಡಿ. ಆ ಅಳುವಿನಲ್ಲಿ ನಿಮ್ಮ ಮೇಲೆ ದೂರು ಇಲ್ಲ.

ಮಕ್ಕಳು ಬಾಯಿ ಬಿಡಲು ಎಷ್ಟು ಕಾಲ ಬೇಕು ಅನ್ನುವುದಕ್ಕೆ ಲೆಕ್ಕವಿಲ್ಲ. ಬಿಹಾರದ ಮುಜಫ್ಫರಪುರದ ಒಂದು ಬಾಲಕಿಯರ ನಿಲಯದಲ್ಲಿ ನಡೆಯುತ್ತಿದ್ದ ಘೋರ ಅನ್ಯಾಯ 2018ರಲ್ಲಿ ಹೊರಗೆ ಬಂತು. ಅದು ಬಂದದ್ದು ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ತಂಡ ರಾಜ್ಯದ ನಿಲಯಗಳಿಗೆ ಹೋಗಿ, ಮಕ್ಕಳ ಜೊತೆ ಕುಳಿತು ಅವರ ಮಾತು ಕೇಳಿ ಬರೆದ ವರದಿಯಿಂದ. 2020ರಲ್ಲಿ ದೆಹಲಿಯ ನ್ಯಾಯಾಲಯ ಅದನ್ನು ನಡೆಸುತ್ತಿದ್ದವನಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಅಮೆರಿಕದಲ್ಲಿ ದಾರಿ ತಪ್ಪಿದ ಹದಿಹರೆಯದವರನ್ನು ತಿದ್ದುತ್ತೇವೆ ಅಂತ ದೊಡ್ಡ ಹಣ ಪಡೆದು ನಡೆಸುವ ವಸತಿ ಕೇಂದ್ರಗಳಿವೆ. ಅಂಥ ಕಡೆ ಇದ್ದು ಬಂದ ಪ್ಯಾರಿಸ್ ಹಿಲ್ಟನ್ ಎಂಬ ಹೆಸರುವಾಸಿ ಶ್ರೀಮಂತ ಮನೆತನದ ಹೆಣ್ಣುಮಗಳು ಅಲ್ಲಿ ಅನುಭವಿಸಿದ್ದನ್ನು ಲೋಕದ ಮುಂದೆ ಬಿಚ್ಚಿಟ್ಟದ್ದು 2020ರಲ್ಲಿ, ನಲವತ್ತರ ಹತ್ತಿರ ಬಂದಾಗ. ಅವರಂಥವರ ಹೋರಾಟದಿಂದ 2024ರ ಡಿಸೆಂಬರಿನಲ್ಲಿ ಆ ದೇಶದಲ್ಲಿ ಇಂಥ ಕೇಂದ್ರಗಳ ಮೇಲೆ ನಿಗಾ ಇಡಲು ಒಂದು ಕಾನೂನು ಬಂತು. ಹಣ, ಹೆಸರು ಎಲ್ಲಾ ಇದ್ದವರಿಗೇ ಇಪ್ಪತ್ತು ವರ್ಷ ಹಿಡಿಯಿತು.

ಇದನ್ನು ಹೇಳುವಾಗ ನಮ್ಮ ಕಡೆಯದನ್ನು ಮುಚ್ಚಿಡುವುದು ಸರಿಯಲ್ಲ. ಐರ್ಲೆಂಡ್ ದೇಶದಲ್ಲಿ ನಮ್ಮಂಥ ಕನ್ಯಾಸ್ತ್ರೀಯರೇ ನಡೆಸುತ್ತಿದ್ದ ಮ್ಯಾಗ್ಡಲೀನ್ ಲಾಂಡ್ರಿಗಳಲ್ಲಿ ಹುಡುಗಿಯರನ್ನೂ ಹೆಂಗಸರನ್ನೂ 'ದಾರಿ ತಪ್ಪಿದವರು' ಅಂತ ಕೂಡಿಹಾಕಿ, ಕೂಲಿ ಕೊಡದೆ ಬಟ್ಟೆ ಒಗೆಸಿದರು. ಕೊನೆಯದು ಮುಚ್ಚಿದ್ದು 1996ರಲ್ಲಿ. 2013ರ ಫೆಬ್ರವರಿಯಲ್ಲಿ ಅಲ್ಲಿಯ ಪ್ರಧಾನಿ ಎಂಡಾ ಕೆನ್ನಿ ಸಂಸತ್ತಿನಲ್ಲಿ ಕ್ಷಮೆ ಕೇಳಿದರು. ಆ ವೇಳೆಗೆ ಎಷ್ಟೋ ಜನ ಅಜ್ಜಿಯರಾಗಿದ್ದರು. ನಿಲುವಂಗಿ, ಶಿಲುಬೆ, ಕಾವಿ, ಬೋರ್ಡು ಇವು ಯಾವುದನ್ನು ನೋಡಿಯೂ ನಿಮ್ಮ ಮಗುವನ್ನು ಕಣ್ಣು ಮುಚ್ಚಿ ಒಪ್ಪಿಸಬೇಡಿ. ನಮ್ಮನ್ನೂ ಸೇರಿಸಿಯೇ ಹೇಳುತ್ತಿದ್ದೇವೆ.

ಕಡ್ಡಿ ಹೊಸೆಯುತ್ತಾ ಬಂದ ಮಾತು

ಆ ಹುಡುಗನ ವಿಷಯಕ್ಕೆ ಬರೋಣ. ಐದನೇ ದಿನ ಅವನೇ ಬಂದ. ತಾಯಿ ಎಲ್ಲಿ ಹೋಗಿದ್ದೆ ಅಂತ ಕೇಳಲಿಲ್ಲ. ಅನ್ನ ಸಾರು ಬಡಿಸಿ, ತಾನು ಮಣೆ ಮುಂದೆ ಕುಳಿತು ಕಡ್ಡಿ ಹೊಸೆಯಲು ಶುರುಮಾಡಿದರು. ಸ್ವಲ್ಪ ಹೊತ್ತಾದ ಮೇಲೆ ಅವನೂ ಪಕ್ಕದಲ್ಲಿ ಬಂದು ಕುಳಿತು ಹಿಟ್ಟು ಕೈಗೆತ್ತಿಕೊಂಡ. ಹೀಗೆ ಒಂದು ತಿಂಗಳಿಗೂ ಮೇಲೆ ನಡೆಯಿತು. ಒಂದು ರಾತ್ರಿ, ಕೈ ಕಡ್ಡಿಯ ಮೇಲೆ, ಕಣ್ಣು ಮಣೆಯ ಮೇಲೆ ಇದ್ದಾಗ ಮಾತು ಬಂತು. ಅಲ್ಲಿ ಏನಾಯಿತು, ಯಾರು ಹೊಡೆದರು, ಯಾವುದಕ್ಕೆ ಹೊಡೆದರು ಎಲ್ಲಾ. ಆ ಜಾಗದಲ್ಲಿ ಬಚ್ಚಲಿಗೂ ಪಾಯಿಖಾನೆಗೂ ಒಳಗಡೆ ಚಿಲಕವೇ ಇರಲಿಲ್ಲವಂತೆ.

ಆ ತಾಯಿ ಶಾಲೆಗೆ ಹೋದವರಲ್ಲ. ಆದರೆ ನಾವು ಎಂ.ಎಸ್.ಡಬ್ಲ್ಯೂ. ತರಗತಿಯಲ್ಲಿ ಕಲಿತದ್ದನ್ನು ಅವರು ತಾವಾಗಿಯೇ ಮಾಡಿದರು. ಎದುರು ಕೂರಿಸಿಕೊಂಡು ವಿಚಾರಣೆ ಮಾಡಲಿಲ್ಲ, ಪಕ್ಕದಲ್ಲಿ ಕುಳಿತರು. ಮಧ್ಯೆ ಬಾಯಿ ಹಾಕಲಿಲ್ಲ. "ಯಾಕೆ ಮೊದಲೇ ಹೇಳಲಿಲ್ಲ?" ಅನ್ನಲಿಲ್ಲ, "ಎಲ್ಲಾ ನಿನ್ ಒಳ್ಳೇದಕ್ಕೇ ಮಾಡಿದ್ದು" ಅಂತಲೂ ಅನ್ನಲಿಲ್ಲ. "ನಿಂದೇನೂ ತಪ್ಪಿಲ್ಲ ಕಣ್ ಮಗ. ನಾನು ವಿಚಾರಿಸದೆ ಕಳಿಸ್ದೆ, ಅದು ನನ್ ತಪ್ಪು" ಅಂದರಂತೆ. ಹೆತ್ತವರು ಮಕ್ಕಳ ಹತ್ತಿರ ತಪ್ಪೊಪ್ಪಿಕೊಂಡರೆ ಸದರ ಆಗುತ್ತದೆ ಅಂತ ನಮ್ಮಲ್ಲಿ ಒಂದು ನಂಬಿಕೆ ಇದೆ. ನಾವು ನೋಡಿದ ಮಟ್ಟಿಗೆ ಆಗುವುದು ಅದಕ್ಕೆ ತದ್ವಿರುದ್ಧ.

ನಾವೂ ಅವನ ಹತ್ತಿರ ಕ್ಷಮೆ ಕೇಳಿದೆವು. ಅವನು ನಕ್ಕು "ಪರವಾಗಿಲ್ಲ ಬಿಡಿ ಸಿಸ್ಟರ್" ಅಂದ. ಪೂರ್ತಿ ಪರವಾಗಿಲ್ಲ ಅಂತೇನೂ ನಮಗೆ ಅನ್ನಿಸಲಿಲ್ಲ.

ಹೀಗೆ ಹೇಳಿಕೊಳ್ಳುವ ಮಾತಿನಲ್ಲಿ ಲೈಂಗಿಕ ದೌರ್ಜನ್ಯದ ಸುಳಿವು ಇದ್ದರೆ ಮನೆಯೊಳಗೇ ಮುಗಿಸುವ ಯೋಚನೆ ಬೇಡ. 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಗೊತ್ತಾದವರು ದೂರು ಕೊಡಲೇಬೇಕು. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ, ಹಣ ಖರ್ಚಾಗುವುದಿಲ್ಲ.

ಶಕ್ತಿ ಎಲ್ಲಿಂದ ಬರುತ್ತದೆ

ಹವಾಯಿಯ ಕವಾಯಿ ಅನ್ನುವ ಪುಟ್ಟ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಎಮ್ಮಿ ವರ್ನರ್ ಮತ್ತು ರೂತ್ ಸ್ಮಿತ್ ಎಂಬ ಇಬ್ಬರು ಹೆಂಗಸರು ದಶಕಗಳ ಕಾಲ ಹಿಂಬಾಲಿಸಿ ಅಧ್ಯಯನ ಮಾಡಿದರು. ಹೆಚ್ಚಿನವರು ತೋಟದ ಕೂಲಿಗಳ ಮಕ್ಕಳು. ಬಡತನ, ಕುಡಿತ, ಜಗಳ ಎಲ್ಲಾ ಇದ್ದ ಮನೆಗಳಲ್ಲಿ ಬೆಳೆದ ಮಕ್ಕಳಲ್ಲಿ ಮೂವರಲ್ಲಿ ಒಬ್ಬರಷ್ಟು ಚೆನ್ನಾಗಿಯೇ ಬೆಳೆದರು. ಅಂಥವರಿಗೆಲ್ಲ ಕೈ ಬಿಡದ ಒಬ್ಬ ದೊಡ್ಡವರಾದರೂ ಇದ್ದರು. ಅದು ತಾಯಿಯೇ ಆಗಿರಬೇಕಿಲ್ಲ. ಅಜ್ಜಿ, ಚಿಕ್ಕಮ್ಮ, ಟೀಚರ್, ಪಕ್ಕದ ಮನೆಯವರು ಯಾರಾದರೂ ಆಗಬಹುದು. ಇನ್ನೊಂದು ವಿಷಯ ನಮಗೆ ಇದಕ್ಕಿಂತ ಹೆಚ್ಚು ಸಮಾಧಾನ ಕೊಟ್ಟಿತು. ಹದಿನೆಂಟರಲ್ಲಿ ಪೊಲೀಸು, ಜಗಳ ಅಂತ ಕಷ್ಟದಲ್ಲಿದ್ದ ಮಕ್ಕಳಲ್ಲೂ ಹೆಚ್ಚಿನವರು ನಲವತ್ತು ವರ್ಷದ ಹೊತ್ತಿಗೆ ತಮ್ಮ ಬದುಕನ್ನು ನೆಟ್ಟಗೆ ಮಾಡಿಕೊಂಡಿದ್ದರು. ಅಂದರೆ ಹದಿನಾರಕ್ಕೆ ಲೆಕ್ಕ ಮುಗಿಯುವುದಿಲ್ಲ.

ಹಾಗಾದರೆ ಮನೆಯಲ್ಲಿ ಏನು ಮಾಡುವುದು? ಮೊದಲು, ತೀರ್ಮಾನ ಮಾಡುವ ಅಭ್ಯಾಸವನ್ನು ಮಗುವಿಗೆ ವಾಪಸ್ ಕೊಡಬೇಕು, ಅದೂ ಸಣ್ಣದರಿಂದ. ಬೆಳಿಗ್ಗೆ ಉಪ್ಪಿಟ್ಟೋ ಚಿತ್ರಾನ್ನವೋ ಅಂತ ಅವನನ್ನೇ ಕೇಳಿ. ಯಾವ ಬಣ್ಣದ ಶರ್ಟು ಅಂತ ಕೇಳಿ. ನಗಬೇಡಿ, ಆರು ತಿಂಗಳು ಯಾರೂ ಕೇಳದಿದ್ದ ಮಗುವಿಗೆ ಇದು ದೊಡ್ಡ ಪ್ರಶ್ನೆಯೇ. ಎಷ್ಟೋ ಮಕ್ಕಳು "ನೀನೇ ಹೇಳಮ್ಮ" ಅನ್ನುತ್ತಾರೆ. ನಾಳೆ ಮತ್ತೆ ಕೇಳಿ. ನಾವು ಸಂಘ ಶುರು ಮಾಡಿದಾಗ ನಿಮ್ಮಲ್ಲಿ ಎಷ್ಟು ಜನ ಬ್ಯಾಂಕಿನ ಚಲನ್ ಮುಟ್ಟಲು ಹೆದರುತ್ತಿದ್ದಿರಿ, ನೆನಪಿದೆಯಾ? ಹತ್ತು ರೂಪಾಯಿ ಕಟ್ಟುತ್ತಾ ಕಟ್ಟುತ್ತಾ ಮ್ಯಾನೇಜರ್ ಮುಂದೆ ಕುರ್ಚಿ ಎಳೆದು ಕೂರುವ ಧೈರ್ಯ ಬಂತು. ಮಕ್ಕಳಿಗೂ ಬೇರೆ ದಾರಿ ಇಲ್ಲ. 10 ವರ್ಷ ದಾಟಿದ ಮಕ್ಕಳು ತಮ್ಮ ಹೆಸರಿನಲ್ಲೇ ಉಳಿತಾಯ ಖಾತೆ ತೆರೆದು ತಾವೇ ನಡೆಸಲು ರಿಸರ್ವ್ ಬ್ಯಾಂಕ್ ಅವಕಾಶ ಕೊಟ್ಟಿದೆ, ಆಯಾ ಬ್ಯಾಂಕಿನ ನಿಯಮ ಕೇಳಿಕೊಂಡು ಒಂದು ಖಾತೆ ಮಾಡಿಸಿ.

ಓದಿನ ಬಗ್ಗೆ ಅವಸರ ಬೇಡ. ಹಳೇ ಶಾಲೆಗೆ ಹೋಗಲು ನಾಚಿಕೆ ಆದರೆ, 14 ವರ್ಷ ತುಂಬಿದವರು ರಾಷ್ಟ್ರೀಯ ಮುಕ್ತ ಶಾಲೆಯ ಮೂಲಕ ಹತ್ತನೇ ತರಗತಿ ಕಟ್ಟಬಹುದು. ಐ.ಟಿ.ಐ. ಇದೆ. ಕೆಲಸಕ್ಕೆ ಹಚ್ಚುವುದಾದರೆ ಒಂದು ಎಚ್ಚರ: 18 ತುಂಬದವರನ್ನು ಅಪಾಯದ ಕೆಲಸಕ್ಕೆ ಹಾಕುವುದು ಕಾನೂನಿಗೆ ವಿರುದ್ಧ.

ಚಟ ಒಂದೇ ಸಲಕ್ಕೆ ಬಿಟ್ಟು ಹೋಗುವುದು ಅಪರೂಪ. ನಮ್ಮ ಹುಡುಗನೂ ಮೂರನೇ ತಿಂಗಳಲ್ಲಿ ಮತ್ತೆ ಒಂದು ಸಲ ಸೊಲ್ಯೂಷನ್ ಮೂಸಿ ಬಂದ. ತಂದೆ "ಮತ್ತೆ ಅಲ್ಲಿಗೇ ಹಾಕಿಬಿಡ್ತೀನಿ" ಅಂತ ಕೂಗಿದರು. ಇದೊಂದು ಮಾತನ್ನು ಮಾತ್ರ ಯಾವ ಕಾರಣಕ್ಕೂ ಆಡಬೇಡಿ. ಆ ಜಾಗದ ಹೆಸರನ್ನು ಮನೆಯಲ್ಲಿ ಬೆತ್ತದಂತೆ ಉಪಯೋಗಿಸಿದರೆ ಮಗು ಮನೆಯನ್ನೂ ಆ ಜಾಗದ ಲೆಕ್ಕಕ್ಕೇ ಸೇರಿಸುತ್ತದೆ. ಅವನನ್ನು ಕೆ.ಆರ್. ಆಸ್ಪತ್ರೆಯ ಮಾನಸಿಕ ರೋಗ ವಿಭಾಗಕ್ಕೆ ಕರೆದುಕೊಂಡು ಹೋದೆವು, ಮನೆಯಲ್ಲಿದ್ದುಕೊಂಡೇ ಚಿಕಿತ್ಸೆ ನಡೆಯಿತು. ಫೋನಿನಲ್ಲಿ ಮಾತಾಡಬೇಕೆಂದರೆ ಟೆಲಿ ಮನಸ್ 14416 ಇದೆ. 2022ರ ಅಕ್ಟೋಬರಿನಲ್ಲಿ ಶುರುವಾದದ್ದು, ಬೆಂಗಳೂರಿನ ನಿಮ್ಹಾನ್ಸ್ ಇದಕ್ಕೆ ಮುಖ್ಯ ಕೇಂದ್ರ, ಕನ್ನಡದಲ್ಲೇ ಮಾತಾಡಬಹುದು. ಚಟದ ವಿಷಯಕ್ಕೆ 14446. "ಸಾಯ್ಬೇಕು ಅನ್ಸತ್ತೆ" ಅಂತ ಮಗು ಒಂದು ಸಲ ಅಂದರೂ ಅದನ್ನು ಹೆದರಿಸುವ ಮಾತು ಅಂತ ತಳ್ಳಿಹಾಕಬೇಡಿ. ಅವತ್ತೇ ಕರೆದುಕೊಂಡು ಹೋಗಿ.

ಹೆಣ್ಣುಮಕ್ಕಳ ಕಥೆ ಬೇರೆ. ಬಾಲಮಂದಿರದಿಂದ ಬಂದ ಹುಡುಗಿಗೆ ಮನೆಯವರು ಮೊದಲು ಹುಡುಕುವುದು ಗಂಡು. "ಮಾತು ಹಬ್ಬೋ ಮುಂಚೆ ಕೈತೊಳ್ಕೊಳ್ಳೋಣ ಸಿಸ್ಟರ್" ಅಂತ ನಮ್ಮ ಹತ್ತಿರವೇ ಹೇಳಿದವರಿದ್ದಾರೆ. ಹದಿನೆಂಟು ತುಂಬದ ಹುಡುಗಿಯ ಮದುವೆ ಕರ್ನಾಟಕದಲ್ಲಿ ಕಾನೂನಿನ ಪ್ರಕಾರ ಮದುವೆಯೇ ಅಲ್ಲ. ಮಾಡಿಸಿದವರು, ನಿಂತು ಅಕ್ಕಿಕಾಳು ಹಾಕಿದವರು ಎಲ್ಲರೂ ತಪ್ಪಿತಸ್ಥರಾಗುತ್ತಾರೆ. ಕಾನೂನು ಹಾಗಿರಲಿ, ಒಂದು ಸಲ ಮುರಿದು ಬಿದ್ದ ಹುಡುಗಿಯನ್ನು ಚೇತರಿಸಿಕೊಳ್ಳುವ ಮೊದಲೇ ಇನ್ನೊಬ್ಬರ ಮನೆಯ ಅಡುಗೆಮನೆಗೆ ತಳ್ಳುವುದು ನ್ಯಾಯವೇ? ಹಾಗೆ ತಳ್ಳಿದ ಇಬ್ಬರು ಹುಡುಗಿಯರು ಕೂಸು ಎತ್ತಿಕೊಂಡು ವಾಪಸ್ ಬಂದದ್ದನ್ನು ನಾವು ನೋಡಿದ್ದೇವೆ. ಮೊನ್ನೆ ಒಬ್ಬಳು ಹೊಲಿಗೆ ತರಬೇತಿಗೆ ಬಂದಿದ್ದಳು. ಅವಳಿಗೆ ಇನ್ನೂ ಹತ್ತೊಂಬತ್ತು.

ತಿಳಿದಿರಬೇಕಾದ ಕಾನೂನು

2015ರ ಬಾಲ ನ್ಯಾಯ ಕಾಯ್ದೆ 2016ರ ಜನವರಿಯಿಂದ ಜಾರಿಯಲ್ಲಿದೆ. ಮಗುವನ್ನು ಸಂಸ್ಥೆಗೆ ಹಾಕುವುದು ಕೊನೆಯ ದಾರಿ ಆಗಿರಬೇಕು ಅಂತ ಈ ಕಾಯ್ದೆ ಹೇಳುತ್ತದೆ. ಪಾಲನೆ, ರಕ್ಷಣೆ ಬೇಕಾದ ಮಕ್ಕಳನ್ನು ಇಟ್ಟುಕೊಳ್ಳುವ ಯಾವ ನಿಲಯವೂ, ಯಾರೇ ನಡೆಸಲಿ, ನೋಂದಣಿ ಆಗಿರಲೇಬೇಕು. ಅಲ್ಲಿಯ ಸಿಬ್ಬಂದಿ ಶಿಸ್ತಿನ ಹೆಸರಿನಲ್ಲಿ ಹೊಡೆದರೆ ಮೊದಲ ಸಲಕ್ಕೆ 10,000 ರೂಪಾಯಿ ದಂಡ, ಮತ್ತೆ ಹೊಡೆದರೆ ಮೂರು ತಿಂಗಳವರೆಗೆ ಜೈಲು. ಕ್ರೂರ ಹಿಂಸೆಯಾದರೆ ಸಂಸ್ಥೆಯವರಿಗೆ ಐದು ವರ್ಷದವರೆಗೆ ಕಠಿಣ ಶಿಕ್ಷೆ ಇದೆ. ದೂರು ಕೊಡಬೇಕಾದದ್ದು ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಗೆ ಅಥವಾ ಪೊಲೀಸರಿಗೆ.

ವ್ಯಸನಮುಕ್ತಿ ಕೇಂದ್ರಗಳಿಗೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಅನ್ವಯಿಸುತ್ತದೆ. ಹದಿನೆಂಟು ತುಂಬದವರನ್ನು ದೊಡ್ಡವರ ಜೊತೆ ಇಡುವಂತಿಲ್ಲ. ಹೆತ್ತವರಲ್ಲಿ ಒಬ್ಬರು ಅಥವಾ ಅವರು ಗೊತ್ತುಮಾಡಿದವರು ಇಡೀ ಅವಧಿ ಜೊತೆಗಿರಬೇಕು. ಸರಪಳಿ ಹಾಕುವುದು ಪೂರ್ತಿ ನಿಷೇಧ. ಆರು ತಿಂಗಳು ತಾಯಿಗೆ ಮುಖ ತೋರಿಸುವುದಿಲ್ಲ ಅನ್ನುವ ಕೇಂದ್ರದಲ್ಲಿ ಒಂದು ನಿಮಿಷವೂ ನಿಲ್ಲಬೇಡಿ. ಇದನ್ನು ನಾವು ಆ ತಾಯಿಗೆ ಮೊದಲೇ ಹೇಳಬೇಕಿತ್ತು.

ಕಾನೂನಿನೊಡನೆ ಸಂಘರ್ಷಕ್ಕೆ ಬಂದ ಮಕ್ಕಳಿಗೂ ಹೊಸದಾಗಿ ಬದುಕು ಶುರುಮಾಡುವ ಹಕ್ಕಿದೆ. ಕೇಸು ಮುಗಿದಿದ್ದರೆ ನಡತೆ ಪ್ರಮಾಣಪತ್ರದಲ್ಲಿ ಪೊಲೀಸರು ಅದನ್ನು ಬರೆಯುವಂತಿಲ್ಲ. (16 ದಾಟಿ ತೀರಾ ಘೋರ ಅಪರಾಧದಲ್ಲಿ ದೊಡ್ಡವರಂತೆ ವಿಚಾರಣೆಯಾದ ಕೆಲವರ ನಿಯಮ ಬೇರೆ.) ಪತ್ರಿಕೆ, ಟೀವಿ ಅಥವಾ ಬೇರೆ ಯಾವ ಮಾಧ್ಯಮದಲ್ಲೂ ಇಂಥ ಮಕ್ಕಳ ಹೆಸರು, ಫೋಟೋ ಹಾಕಿದರೆ ಆರು ತಿಂಗಳವರೆಗೆ ಜೈಲು ಅಥವಾ ಎರಡು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು.

ಹಣದ ನೆರವೂ ಇದೆ. ಸಂಸ್ಥೆಯಿಂದ ಮನೆಗೆ ಮರಳಿದ ಮಗುವನ್ನು ಓದಿಸಲು ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವ ಯೋಜನೆಯಲ್ಲಿ ತಿಂಗಳಿಗೆ 4,000 ರೂಪಾಯಿ ಕೊಡುತ್ತಾರೆ. ಮನೆಯ ವರ್ಷದ ಆದಾಯ ಹಳ್ಳಿಯಲ್ಲಿ 72,000, ಪಟ್ಟಣದಲ್ಲಿ 96,000 ಮೀರಿರಬಾರದು. ಹದಿನೆಂಟು ತುಂಬಿ ನಿಲಯದಿಂದ ಹೊರಬಿದ್ದು ಹೋಗಲು ಜಾಗವಿಲ್ಲದವರಿಗೆ 21 ವರ್ಷದವರೆಗೆ ಅನುಪಾಲನೆ ಸಿಗುತ್ತದೆ. ಎರಡಕ್ಕೂ ವಿಚಾರಿಸಬೇಕಾದದ್ದು ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ. ಅರ್ಜಿ ಬರೆಯಲು ಕಷ್ಟವಾದರೆ ನಮ್ಮ ಕಾರ್ಯಕರ್ತೆಯರು ಬರುತ್ತಾರೆ, ಒಬ್ಬರೇ ಅಲೆದಾಡಬೇಡಿ.

ಸಂಘದ ಕೆಲಸ

ಸಂಘದವರ ಹತ್ತಿರ ನಾವು ಕೇಳುವುದು ಹೆಚ್ಚೇನಿಲ್ಲ. ಮಗು ಬಂದ ಮನೆಗೆ ನೋಡಲು ಗುಂಪಾಗಿ ಹೋಗಬೇಡಿ. "ಎಲ್ಲಿಗೋಗಿದ್ಯಪ್ಪ ಇಷ್ಟ್ ದಿನ?" ಅಂತ ನೀರಿನ ನಲ್ಲಿ ಹತ್ತಿರ ಕೇಳಬೇಡಿ. ಆ ತಾಯಿಗೆ ಕಂತು ಕಟ್ಟಲು ಒಂದೆರಡು ವಾರ ತಡವಾದರೆ ಸಭೆಯಲ್ಲಿ ಮಗನ ಹೆಸರು ಎತ್ತಬೇಡಿ. ನಮ್ಮ ಆ ಸಂಘದವರು ಚಿಕಿತ್ಸೆ ನಡೆಯುತ್ತಿದ್ದಾಗ ಸರದಿ ಹಾಕಿಕೊಂಡು ಅವರ ಪಾಲಿನ ಕಡ್ಡಿ ಹೊಸೆದು ಕೊಟ್ಟರು, ಆಸ್ಪತ್ರೆಗೆ ಹೋದ ದಿನದ ಕೂಲಿ ತಪ್ಪದಿರಲಿ ಅಂತ. ಇದನ್ನು ನಾವು ಹೇಳಿಕೊಟ್ಟದ್ದಲ್ಲ. ನಡಾವಳಿ ಪುಸ್ತಕದಲ್ಲೂ ಬರೆದಿಲ್ಲ.

ಆ ಹುಡುಗ ಈಗ ಒಂದು ಗ್ಯಾರೇಜಿನಲ್ಲಿ ಸ್ಕೂಟರ್ ರಿಪೇರಿ ಮಾಡುತ್ತಾನೆ. ಊಟ ಇನ್ನೂ ಬೇಗಬೇಗ ಮುಗಿಸುತ್ತಾನಂತೆ. ಮೊದಲ ಸಂಬಳದಲ್ಲಿ ತಾಯಿಗೆ ಸೀರೆ ತರುತ್ತಾನೆ ಅಂತ ನಾವೆಲ್ಲ ಅಂದುಕೊಂಡಿದ್ದೆವು. ಅವನು ಅಂಗಡಿಯಿಂದ ಒಂದು ಕಬ್ಬಿಣದ ಚಿಲಕ ತಂದು, ಮನೆಯ ಬಚ್ಚಲ ಬಾಗಿಲಿಗೆ ಒಳಗಡೆಯಿಂದ ತಾನೇ ಸ್ಕ್ರೂ ಹಾಕಿ ಕೂರಿಸಿದ. ತಾಯಿ ಗಾಬರಿಯಿಂದ ನಮ್ಮ ಹತ್ತಿರ ಓಡಿ ಬಂದರು: "ಒಳಗಡೆ ಚಿಲಕ ಹಾಕ್ಕೊಂಡು ಅರ್ಧ ಗಂಟೆ ಸ್ನಾನ ಮಾಡ್ತಾನೆ ಸಿಸ್ಟರ್. ತೆಗೆಸಿಬಿಡ್ಲಾ?"

ಬೇಡಮ್ಮ, ಬೇಕಾದರೆ ಬಾಗಿಲು ತಟ್ಟಿ ಕರೆಯಿರಿ ಅಂದೆವು.